ಜಾಸ್ತಿ ನೋಡಿದ ಸೀರಿಯಲ್ ಯಾವುದು? ಲೆಕ್ಕ ಇಡಲು ಪುಸ್ತಕವೋ, ಆ್ಯಪೋ, ಶೀಟೋ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಟಿವಿ ಒಂದೇ ಭಾಷೆಯಲ್ಲಿ ಮಾತಾಡುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕನ್ನಡದ ಎರಡು ಸೀರಿಯಲ್, ನಡುವೆ ಮಲಯಾಳದ ಒಂದು. ಊಟ ಆದಮೇಲೆ ಮಕ್ಕಳ ಮೊಬೈಲಿನಲ್ಲಿ ಕೊರಿಯನ್ ಡ್ರಾಮಾ. ರಜೆ ಸಿಕ್ಕಿದರೆ ಯೂಟ್ಯೂಬಿನಲ್ಲಿ ದೂರದರ್ಶನ ಕಾಲದ ಹಳೆಯ ಧಾರಾವಾಹಿ. ಇಷ್ಟರಲ್ಲಿ ನೀವು ಅತಿ ಜಾಸ್ತಿ ನೋಡಿದ್ದು ಯಾವುದು ಅಂತ ಕೇಳಿದರೆ ತಟ್ಟನೆ ಒಂದು ಹೆಸರು ಬಾಯಿಗೆ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಹೆಸರು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಇಷ್ಟವಾದದ್ದು ನೆನಪಿನಲ್ಲಿ ಉಳಿಯುತ್ತದೆ. ದಿನಾ ನೋಡಿದ್ದು ದಿನಚರಿಯೊಳಗೆ ಸೇರಿ ಕಾಣದೇ ಹೋಗುತ್ತದೆ.

ನನಗೆ ಈ ಲೆಕ್ಕ ಸುಮ್ನೆ ಕಾಲ ಕಳೆಯುವ ವಿಷಯ ಅನಿಸುವುದಿಲ್ಲ. ಇಲ್ಲಿ ಪಂಚಾಯತಿನ ಕಾಗದ, ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ ಹೆಚ್ಚಾಗಿ ಮಲಯಾಳದಲ್ಲಿ ಇರುತ್ತವೆ. ಮನೆಯೊಳಗೆ ಕನ್ನಡ ಉಳಿಯುವುದಕ್ಕೆ ಶಾಲೆ, ಯಕ್ಷಗಾನ, ಪೇಪರಿನ ಜೊತೆಗೆ ಟಿವಿಯ ಪಾಲೂ ದೊಡ್ಡದು. ನಾವು ಯಾವ ಕಥೆಯ ಜೊತೆ ಎಷ್ಟು ಗಂಟೆ ಕೂತೆವು ಅನ್ನುವುದು ನಮ್ಮ ಮನೆಯ ಚರಿತ್ರೆಯೇ. ಅದನ್ನು ಬರೆದಿಡುವ ದಾರಿ ಹಲವು. ಎಲ್ಲರಿಗೂ ಒಂದೇ ದಾರಿ ಹೊಂದುವುದಿಲ್ಲ. ನೀವು ನೋಡುವುದು ಎಂಥ ಸೀರಿಯಲ್ ಅನ್ನುವುದರ ಮೇಲೆ ದಾರಿಯನ್ನು ಆರಿಸಬೇಕು.

ಮೊದಲು ಅಳತೆ ತೀರ್ಮಾನವಾಗಲಿ

"ಜಾಸ್ತಿ" ಅಂದರೆ ಕಂತುಗಳ ಸಂಖ್ಯೆಯೋ, ಗಂಟೆಯೋ, ಮತ್ತೆ ಮತ್ತೆ ನೋಡಿದ ಸುತ್ತುಗಳೋ? ಇದನ್ನು ಮೊದಲೇ ತೀರ್ಮಾನ ಮಾಡದಿದ್ದರೆ ಯಾವ ಆ್ಯಪ್ ಹಾಕಿಕೊಂಡರೂ ಉತ್ತರ ಸಿಗುವುದಿಲ್ಲ.

ಒಂದು ಉದಾಹರಣೆ ನೋಡಿ. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' 1986ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಅವರ ಕಾಲದಲ್ಲಿ ಬಂದದ್ದು 39 ಕಂತು. ಒಂದು ಕಂತು ಸುಮಾರು 22 ನಿಮಿಷ ಅಂತ ಹಿಡಿದರೆ ಒಂದು ಸುತ್ತಿಗೆ 14 ಗಂಟೆ. ಐದು ಸಲ ನೋಡಿದವರಿಗೂ 70 ಗಂಟೆ ಆಗುತ್ತದೆ ಅಷ್ಟೇ. ಇನ್ನು ಸೋಮವಾರದಿಂದ ಶುಕ್ರವಾರದ ತನಕ ಬರುವ ಒಂದು ಸಾಧಾರಣ ಡೈಲಿ ಸೀರಿಯಲ್ ತೆಗೆದುಕೊಳ್ಳಿ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಕಥೆ ಸುಮಾರು 20-22 ನಿಮಿಷ. ವರ್ಷಕ್ಕೆ 260 ಕಂತು. ಅಂದರೆ 90 ಗಂಟೆಯ ಆಚೀಚೆ. ಒಂದೇ ಒಂದು ವರ್ಷ ನೋಡಿದರೂ ಅದು ಐದು ಸುತ್ತು ಮಾಲ್ಗುಡಿಯನ್ನು ದಾಟುತ್ತದೆ. 16 ಕಂತಿನ ಕೊರಿಯನ್ ಡ್ರಾಮಾ, ಕಂತಿಗೆ ಒಂದು ಗಂಟೆಯಿದ್ದರೆ, 16 ಗಂಟೆಯಲ್ಲಿ ಮುಗಿಯುತ್ತದೆ. ಮೂರು ವರ್ಷದ ಡೈಲಿ ಸೀರಿಯಲ್ಲಿನ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಗಂಟೆಯೊಂದೇ ಸಾಕು ಅಂತಲೂ ಅಲ್ಲ. ಯಾರೂ ಬಲವಂತ ಮಾಡದೆ ಐದನೇ ಸಲ ನೋಡುವುದಕ್ಕೂ, ಅಡುಗೆಮನೆಯಿಂದ ಅರ್ಧ ಕಿವಿಗೊಟ್ಟು ಕೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನನ್ನ ಮಾತು ಇಷ್ಟು: ಗಂಟೆ ಒಂದು ಕಾಲಂ, ಸುತ್ತು ಇನ್ನೊಂದು ಕಾಲಂ. ಎರಡನ್ನೂ ಬರೆಯಲು ಬರುವ ವಿಧಾನವನ್ನೇ ಆರಿಸಿ. ಈ ಒಂದು ಪರೀಕ್ಷೆಯಲ್ಲೇ ಅರ್ಧದಷ್ಟು ಆ್ಯಪ್‌ಗಳು ಬಿದ್ದುಹೋಗುತ್ತವೆ.

ಪುಸ್ತಕ

ಕೇಬಲ್ಲಿನಲ್ಲೋ ಡಿಶ್ಶಿನಲ್ಲೋ ನೋಡುವವರ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ದಾಖಲಾಗುವುದಿಲ್ಲ. ನಮ್ಮ ಅಮ್ಮ, ಅತ್ತೆ, ಅಜ್ಜಿಯಂದಿರ ಪೂರ್ತಿ ವೀಕ್ಷಣೆ ಹೀಗೇ ಆಗುವುದು. ಅವರಿಗೆ 100 ಪುಟದ ಒಂದು ನೋಟ್‌ಬುಕ್ಕಿಗಿಂತ ಒಳ್ಳೆಯ ಸಾಧನ ಇಲ್ಲ. ದಿನಾ ಬರೆಯುವುದು ಬೇಡ. ಅಡಿಕೆ ಮಾರಿದ ಲೆಕ್ಕ ಬರೆಯುವ ಹಾಗೆ ತಿಂಗಳಿಗೆ ಒಂದು ಸಾಲು ಸಾಕು: ಸೀರಿಯಲ್ಲಿನ ಹೆಸರು, ತಿಂಗಳು, ತಪ್ಪಿದ್ದು ಎಷ್ಟು. ನೋಡಿದ್ದನ್ನು ಎಣಿಸುವುದಕ್ಕಿಂತ ತಪ್ಪಿದ್ದನ್ನು ಎಣಿಸುವುದು ಸುಲಭ.

ತಪ್ಪುವುದಕ್ಕೂ ನಮ್ಮಲ್ಲಿ ಋತುಮಾನ ಇದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಆ ದಿನದ ಕಂತು ಹೋಯಿತು. ಯಕ್ಷಗಾನ ಮೇಳಗಳ ತಿರುಗಾಟದ ಕಾಲದಲ್ಲಿ ಹತ್ತಿರದಲ್ಲಿ ಆಟ ಇದ್ದರೆ ಟಿವಿ ಆಫ್. ಮೇ ಕೊನೆಯ ಹೊತ್ತಿಗೆ ಬರುವ, ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮತ್ತೆ ಸೀರಿಯಲ್ಲಿಗೆ ಹಾಜರಿ ಪೂರ್ತಿ. ಇಂಥ ಟಿಪ್ಪಣಿ ಬರೆಯಲು ಪುಸ್ತಕದ ಅಂಚಿನಲ್ಲಿ ಜಾಗ ಇರುತ್ತದೆ. ಎಲ್ಲ ಆ್ಯಪಿನಲ್ಲಿ ಇರುವುದಿಲ್ಲ.

ಪುಸ್ತಕದ ಕೊರತೆ ಎರಡು. ಜಾಸ್ತಿಯಿಂದ ಕಮ್ಮಿಗೆ ಜೋಡಿಸಿ ನೋಡಲು ಆಗುವುದಿಲ್ಲ, ಪ್ರತಿ ಇರುವುದೂ ಒಂದೇ. ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ಪುಟಗಳ ಫೋಟೋ ತೆಗೆದಿಟ್ಟರೆ ಎರಡನೆಯದಕ್ಕೆ ಪರಿಹಾರ ಆಯಿತು.

ನೋಡುವ ಆ್ಯಪಿನ ಹಿಸ್ಟರಿ

ಒಟಿಟಿಯಲ್ಲೇ ನೋಡುವವರು, "ಎಲ್ಲಾ ಅದರಲ್ಲೇ ಇರುತ್ತದಲ್ಲ" ಅನ್ನುತ್ತಾರೆ. ಇರುತ್ತದೆ, ಆದರೆ ಅದು ಆ ಕಂಪನಿಯ ಪುಸ್ತಕ. ಕಲರ್ಸ್ ಕನ್ನಡದ ಸೀರಿಯಲ್‌ಗಳ ಕಥೆಯನ್ನೇ ನೋಡಿ. 2016ರಲ್ಲಿ ಬಂದ ವೂಟ್ ಆ್ಯಪಿನಲ್ಲಿ ಅವು ಇದ್ದವು. 2023ರಲ್ಲಿ ವೂಟ್ ಜಿಯೋಸಿನೆಮಾದೊಳಗೆ ಸೇರಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನೆಮಾ ಮತ್ತು ಡಿಸ್ನಿ ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಹತ್ತು ವರ್ಷದೊಳಗೆ ಒಂದೇ ಚಾನೆಲಿನ ಸೀರಿಯಲ್ಲಿಗೆ ಮೂರು ಮನೆ. ಜೀ ಕನ್ನಡ ನೋಡಲು ಜೀ5, ಉದಯ ನೋಡಲು ಸನ್ ನೆಕ್ಸ್ಟ್ ಬೇರೆ. ಎಲ್ಲ ಆ್ಯಪಿನ ಹಿಸ್ಟರಿಯನ್ನು ಒಟ್ಟು ಮಾಡಿ ತೋರಿಸುವ ಜಾಗ ಯಾವ ಆ್ಯಪಿನೊಳಗೂ ಇಲ್ಲ.

ನೆಟ್‌ಫ್ಲಿಕ್ಸ್ ಒಂದು ಒಳ್ಳೆಯ ಕೆಲಸ ಮಾಡಿದೆ. ಬ್ರೌಸರಿನಲ್ಲಿ ಅಕೌಂಟಿನ ಒಳಗೆ ಹೋಗಿ ನಿಮ್ಮ ಪ್ರೊಫೈಲಿನ ವ್ಯೂಯಿಂಗ್ ಆಕ್ಟಿವಿಟಿ ತೆರೆದರೆ, ಕೆಳಗೆ ಎಲ್ಲವನ್ನೂ ಡೌನ್‌ಲೋಡ್ ಮಾಡುವ ಆಯ್ಕೆ ಇದೆ. ಶೀಟಿನಲ್ಲಿ ತೆರೆಯಲು ಬರುವ, ಹೆಸರು ಮತ್ತು ತಾರೀಕು ಇರುವ ಸಿಎಸ್‌ವಿ ಫೈಲ್ ಸಿಗುತ್ತದೆ. ನಿಮಿಷ ಅದರಲ್ಲಿ ಇರುವುದಿಲ್ಲ. ಮನೆಮಂದಿಯೆಲ್ಲ ಒಂದೇ ಪ್ರೊಫೈಲಿನಲ್ಲಿ ನೋಡುತ್ತಿದ್ದರೆ ಆ ಪಟ್ಟಿ ಯಾರದ್ದೂ ಆಗುವುದಿಲ್ಲ. ಈಗಲೇ ಪ್ರತಿಯೊಬ್ಬರಿಗೂ ಪ್ರೊಫೈಲ್ ಬೇರೆ ಮಾಡಿ. ನಿದ್ದೆ ಬಂದ ಮೇಲೂ ತನ್ನಷ್ಟಕ್ಕೆ ಓಡುವ ಕಂತುಗಳು ಲೆಕ್ಕಕ್ಕೆ ಸೇರುವುದರಿಂದ ಆಟೋಪ್ಲೇ ಆಫ್ ಮಾಡುವುದೂ ಒಳ್ಳೆಯದು.

ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಧಾರಾವಾಹಿ ನೋಡುವವರು ಇದನ್ನು ಗಮನಿಸಬೇಕು. 2020ರಿಂದ ಈಚೆಗೆ ತೆರೆದ ಗೂಗಲ್ ಖಾತೆಗಳಲ್ಲಿ ಯೂಟ್ಯೂಬ್ ಹಿಸ್ಟರಿ 36 ತಿಂಗಳ ನಂತರ ತಾನಾಗಿ ಅಳಿಯುವಂತೆ ಮೊದಲೇ ಹೊಂದಿಸಿರುತ್ತಾರೆ. ಬೇಕಾದರೆ ಸೆಟ್ಟಿಂಗ್ಸಿನಲ್ಲಿ ಬದಲಾಯಿಸಬಹುದು. ಗೂಗಲ್ ಟೇಕ್‌ಔಟ್‌ನಿಂದ ಇದ್ದಷ್ಟು ಹಿಸ್ಟರಿಯನ್ನು ಇಳಿಸಿಕೊಳ್ಳಲೂ ಬರುತ್ತದೆ.

ಒಟ್ಟಾರೆ ಈ ದಾರಿ ಹಳೆಯದನ್ನು ಹೆಕ್ಕಲು ಸರಿ. ಮುಂದಿನ ಲೆಕ್ಕಕ್ಕೆ ಇದನ್ನೊಂದನ್ನೇ ನಂಬಬೇಡಿ.

ಲೆಕ್ಕಕ್ಕೆಂದೇ ಮಾಡಿದ ಆ್ಯಪ್‌ಗಳು

ಹೋಲಿಕೆಯ ಕಷ್ಟ ಇರುವುದು ಇಲ್ಲೇ, ಯಾಕಂದರೆ ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಟ್ರಾಕ್ಟ್ 2010ರಿಂದ ಇದೆ. ಪ್ರತಿ ಕಂತಿಗೂ ಟಿಕ್ ಹಾಕಬಹುದು. ಒಂದೇ ಕಂತನ್ನು ಮತ್ತೆ ನೋಡಿದರೆ ಅದನ್ನು ಬೇರೆ ತಾರೀಕಿನಲ್ಲಿ ಇನ್ನೊಂದು ಸಲ ಸೇರಿಸಿಕೊಳ್ಳುತ್ತದೆ. ಸುತ್ತು ಎಣಿಸುವವರಿಗೆ ಇದು ದೊಡ್ಡ ಅನುಕೂಲ. ಪ್ಲೆಕ್ಸ್, ಕೋಡಿಯಂಥ ವಿಡಿಯೋ ಪ್ಲೇಯರ್ ಬಳಸುವವರಿಗೆ ನೋಡಿದ್ದು ತಾನಾಗಿಯೇ ದಾಖಲಾಗುವಂತೆ ಜೋಡಿಸಲು ಬರುತ್ತದೆ. ಕೆಲವು ಸೌಲಭ್ಯಗಳು ದುಡ್ಡು ಕಟ್ಟಿದವರಿಗೆ ಮಾತ್ರ, ಆ ಮಿತಿಗಳು ಆಗಾಗ ಬದಲಾಗುತ್ತವೆ. ಸೇರುವ ದಿನವೇ ಓದಿಕೊಳ್ಳಿ. ಪ್ರೊಫೈಲ್ ಎಲ್ಲರಿಗೂ ಕಾಣುವುದು ಬೇಡ ಅನಿಸಿದರೆ ಸೆಟ್ಟಿಂಗ್ಸಿನಲ್ಲಿ ಪ್ರೈವೇಟ್ ಮಾಡಿ.

ಸೀರಿಯಲೈಜ್ಡ್ ಇನ್ನೊಂದು ಬಗೆ. ಸೀಸನ್ ಮುಗಿದ ಮೇಲೆ ನಾಲ್ಕು ಮಾತು ಬರೆದು, ನಕ್ಷತ್ರ ಕೊಟ್ಟು, ಡೈರಿಯಂತೆ ಇಟ್ಟುಕೊಳ್ಳುವವರಿಗೆ ಹೇಳಿ ಮಾಡಿಸಿದ್ದು. ಲೆಕ್ಕಕ್ಕಿಂತ ಅನಿಸಿಕೆ ಮುಖ್ಯ ಅನ್ನುವವರು ಇದನ್ನು ನೋಡಿ. ಸಿಂಕಲ್ ಅನ್ನುವ ಆ್ಯಪ್ ಟಿವಿ, ಸಿನಿಮಾ, ಆನಿಮೆ (ಜಪಾನಿನ ಕಾರ್ಟೂನ್ ಸರಣಿ) ಮೂರನ್ನೂ ಒಂದೇ ಕಡೆ ಇಡುತ್ತದೆ. ಲೆಟರ್‌ಬಾಕ್ಸ್ಡ್ ಹೆಸರನ್ನು ಸಿನಿಮಾ ಪ್ರಿಯರ ಬಾಯಲ್ಲಿ ತುಂಬ ಕೇಳಿರುತ್ತೀರಿ, ಅದು ಬೆಳೆದದ್ದು ಸಿನಿಮಾಕ್ಕಾಗಿ. ಡೈಲಿ ಸೀರಿಯಲ್ಲಿನ ಲೆಕ್ಕಕ್ಕೆ ಅದು ಆಗುವುದಿಲ್ಲ.

ಐಎಂಡಿಬಿ ಎಲ್ಲರಿಗೂ ಗೊತ್ತಿರುವ ತಾಣ. 1990ರಲ್ಲಿ ಶುರುವಾದದ್ದು, 1998ರಿಂದ ಅಮೆಜಾನ್ ಕೈಯಲ್ಲಿದೆ. ಸೀರಿಯಲ್ಲಿಗೂ, ಬಿಡಿ ಕಂತಿಗೂ ಅಂಕ ಕೊಡಬಹುದು. ಕೊಟ್ಟ ಅಂಕಗಳ ಪಟ್ಟಿಯನ್ನು ಫೈಲ್ ಮಾಡಿ ಇಳಿಸಿಕೊಳ್ಳಬಹುದು. ಆದರೆ ಎರಡನೇ ಸಲ ಅಂಕ ಕೊಟ್ಟರೆ ಮೊದಲನೆಯದರ ಜಾಗದಲ್ಲೇ ಕೂರುತ್ತದೆ. ಸುತ್ತಿನ ಲೆಕ್ಕಕ್ಕೆ ಬಾರದು.

ಕೊರಿಯನ್, ಜಪಾನಿ, ಚೀನಿ, ಥಾಯ್ ಡ್ರಾಮಾ ನೋಡುವ ಮಕ್ಕಳು ಮೈಡ್ರಾಮಾಲಿಸ್ಟ್ ಬಳಸಲಿ. ಆನಿಮೆಗೆ ಮೈಆನಿಮೆಲಿಸ್ಟ್. ಇದರಲ್ಲಿ ಎಷ್ಟು ಸಲ ಮತ್ತೆ ನೋಡಿದೆ ಅಂತ ಬರೆಯುವ ಜಾಗವೇ ಇದೆ. ಆ ಲೋಕದಲ್ಲಿ ಕಂತುಗಳ ಪಟ್ಟಿ ಅಚ್ಚುಕಟ್ಟಾಗಿರುತ್ತದೆ.

ಕನ್ನಡದ ಡೈಲಿ ಸೀರಿಯಲ್ಲಿಗೆ ಬಂದಾಗ ಇವೆಲ್ಲವೂ ಸೊರಗುತ್ತವೆ. ಕಾರಣ ಸರಳ. ಈ ಆ್ಯಪ್‌ಗಳು ಹೆಚ್ಚಾಗಿ ಕಂತುಗಳ ಪಟ್ಟಿಯನ್ನು ತಾವೇ ಬರೆಯುವುದಿಲ್ಲ. ಟ್ರಾಕ್ಟ್ ಮತ್ತು ಸೀರಿಯಲೈಜ್ಡ್ ಎರಡೂ ಟಿಎಂಡಿಬಿ ಅನ್ನುವ ತಾಣದಿಂದ ಮಾಹಿತಿ ತರುತ್ತವೆ. ಅಲ್ಲಿ ಬರೆಯುವವರು ನಮ್ಮಂಥ ಜನವೇ. ಎಂಟು ಕಂತಿನ ಇಂಗ್ಲಿಷ್ ಸರಣಿಗೆ ಬರೆಯುವವರು ನೂರು ಜನ ಇದ್ದಾರೆ. ಸಾವಿರ ಕಂತಿನ ಕನ್ನಡ ಸೀರಿಯಲ್ಲಿಗೆ ಕೂತು ಬರೆಯುವವರು ಸಿಗುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಹೆಸರು ಇರುತ್ತದೆ, ಕಂತುಗಳ ಪಟ್ಟಿ ಅರ್ಧಕ್ಕೇ ನಿಂತಿರುತ್ತದೆ. ಮಹಾಸಂಚಿಕೆ ಬಂದ ವಾರ ಒಂದು ಗಂಟೆಯ ಕಂತನ್ನು ಒಂದು ಅಂತ ಎಣಿಸಬೇಕೋ ಎರಡೋ ಅನ್ನುವ ಗೊಂದಲ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ ಕಾಗುಣಿತವೂ ಒಂದೊಂದು ಕಡೆ ಒಂದೊಂದು ಥರ.

ಇದನ್ನು ಸರಿಮಾಡುವುದು ನಮ್ಮ ಕೈಯಲ್ಲಿದೆ ಅನ್ನುವುದು ನನಗೆ ತುಂಬ ಖುಷಿ ಕೊಡುವ ವಿಷಯ. ಟಿಎಂಡಿಬಿಯಲ್ಲಿ ಖಾತೆ ತೆರೆಯಲು ದುಡ್ಡು ಬೇಡ. ಬಿಟ್ಟುಹೋದ ಸೀರಿಯಲ್, ಕಂತು, ಕಲಾವಿದರ ಹೆಸರು ಯಾರು ಬೇಕಾದರೂ ಸೇರಿಸಬಹುದು. ಅಲ್ಲಿ ಸೇರಿಸಿದ್ದು ಆಮೇಲೆ ಬೇರೆ ಆ್ಯಪ್‌ಗಳಿಗೂ ಹೋಗುತ್ತದೆ. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ', ಕರಾವಳಿಯವರೆಲ್ಲ ಮಾತಾಡಿಕೊಳ್ಳುವ ಸದಾನಂದ ಸುವರ್ಣರ 'ಗುಡ್ಡದ ಭೂತ' ಇಂಥವುಗಳ ಪುಟ ಪೂರ್ತಿಯಾಗಿದೆಯೇ ಅಂತ ನೋಡಿ. ಕೊರತೆ ಕಂಡರೆ ತುಂಬಿ. ಕಾಲೇಜಿನ ಕನ್ನಡ ಸಂಘದವರು ಒಂದು ಮಧ್ಯಾಹ್ನ ಕೂತರೆ ಎಷ್ಟು ಪುಟ ತುಂಬಬಹುದು, ಯೋಚಿಸಿ.

ಶೀಟ್

ನನ್ನ ಒಲವು ಇದರ ಕಡೆಗೇ. ಗೂಗಲ್ ಶೀಟ್ಸ್ ಆಗಲಿ, ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಆಗಲಿ, ಲಿಬ್ರೆಆಫೀಸ್ ಆಗಲಿ, ಯಾವುದಾದರೂ ಸರಿ. ಕನ್ನಡದಲ್ಲೇ ಬರೆಯಬಹುದು. ಯಾವ ತಾಣದಲ್ಲಿ ಸೀರಿಯಲ್ಲಿನ ಹೆಸರು ಇದೆಯೋ ಇಲ್ಲವೋ ಅನ್ನುವ ಹಂಗಿಲ್ಲ.

ಕಾಲಂ ತುಂಬ ಬೇಡ: ಹೆಸರು, ಭಾಷೆ, ನೋಡಿದ ವರ್ಷ, ಒಂದು ಕಂತಿನ ನಿಮಿಷ, ನೋಡಿದ ಕಂತು, ಸುತ್ತು, ಗಂಟೆ. ಕೊನೆಯ ಕಾಲಮಿಗೆ ಸೂತ್ರ ಹಾಕಿ: ನಿಮಿಷ, ಕಂತು, ಸುತ್ತು ಮೂರನ್ನೂ ಗುಣಿಸಿ 60ರಿಂದ ಭಾಗಿಸಿ. ಆ ಕಾಲಮನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದರೆ ಉತ್ತರ ಮೇಲೆ ಬಂದು ಕೂರುತ್ತದೆ. ಡೈಲಿ ಸೀರಿಯಲ್ಲಿಗೆ ವರ್ಷಕ್ಕೊಂದು ಸಾಲು, ವೆಬ್ ಸರಣಿಗೆ ಸೀಸನ್ನಿಗೊಂದು ಸಾಲು ಮಾಡಿ. ಪೂರ್ತಿ ಸೀರಿಯಲ್ಲಿಗೆ ಒಂದೇ ಸಾಲು ಇಟ್ಟರೆ ನಡುವೆ ಬಿಟ್ಟ ವರ್ಷ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಚಾನೆಲ್ ಅನ್ನುವ ಕಾಲಂ ಹಾಕಬೇಕೋ ಬೇಡವೋ? ಹಾಕಿ, ಆದರೆ ಅದನ್ನು ಹಿಡಿದು ಹುಡುಕಬೇಡಿ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2012ರಲ್ಲಿ ಶುರುವಾದ 'ಪುಟ್ಟಗೌರಿ ಮದುವೆ' ಹಾಗಾಗಿ ಎರಡೂ ಹೆಸರಿನ ಚಾನೆಲಿನಲ್ಲಿ ಬಂತು. ಆಮೇಲೆ ಅದು 'ಮಂಗಳಗೌರಿ ಮದುವೆ' ಅನ್ನುವ ಹೆಸರಿನಲ್ಲಿ ಮುಂದುವರಿಯಿತು. ಇದನ್ನು ಒಂದು ಅನ್ನಬೇಕೋ ಎರಡೋ? ಕಥೆ, ಪಾತ್ರ ಬದಲಾದರೆ ಎರಡು ಅನ್ನುವುದು ನನ್ನ ನಿಯಮ. ನಿಮ್ಮದು ಬೇರೆ ಇರಬಹುದು. ಏನೇ ಆದರೂ ಶೀಟಿನ ಮೇಲ್ಗಡೆ ಆ ನಿಯಮವನ್ನು ಬರೆದಿಡಿ, ಎಲ್ಲ ಸಾಲಿಗೂ ಅದೇ ನಡೆಯಲಿ.

ಗಡಿಯಲ್ಲಿ ಇರುವವರಿಗೆ ಇನ್ನೊಂದು ತೊಡಕು ಇದೆ, ಬೆಂಗಳೂರಿನವರಿಗೆ ಅದು ಅಷ್ಟಾಗಿ ಎದುರಾಗುವುದಿಲ್ಲ. ಒಂದೇ ಕಥೆ ಎರಡು ಭಾಷೆಯಲ್ಲಿ ಮನೆಗೆ ಬರುತ್ತದೆ. 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೇ ರೇ' ಸೀರಿಯಲ್ಲಿನ ರೀಮೇಕ್. ಅದೇ ಕಥೆ ಮಲಯಾಳದಲ್ಲಿ 'ನೀಯುಂ ಞಾನುಂ' ಆಯಿತು. ಕುಂಬಳೆಯ ಒಂದು ಮನೆಯಲ್ಲಿ ಕನ್ನಡದ್ದೂ ಮಲಯಾಳದ್ದೂ ಎರಡೂ ಓಡಿರಬಹುದು. ಸಾಂಗ್ಲಿ, ಸೊಲ್ಲಾಪುರದ ಕಡೆಯ ಕನ್ನಡ ಮನೆಯಲ್ಲಿ ಮರಾಠಿಯದ್ದೂ ಕನ್ನಡದ್ದೂ ಓಡಿರಬಹುದು. ಇವನ್ನು ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ, 'ಮೂಲ ಕಥೆ' ಅಂತ ಒಂದು ಕಾಲಂ ಸೇರಿಸಿ. ಆಗ ಯಾವ ಸೀರಿಯಲ್ ಜಾಸ್ತಿ, ಯಾವ ಕಥೆ ಜಾಸ್ತಿ ಎರಡಕ್ಕೂ ಉತ್ತರ ಸಿಗುತ್ತದೆ. ಭಾಷೆಯ ಪ್ರಕಾರ ಗಂಟೆಗಳನ್ನು ಒಟ್ಟು ಹಾಕಿದರೆ ವರ್ಷಕ್ಕೆ ಎಷ್ಟು ಗಂಟೆ ಕನ್ನಡ ಕೇಳಿದೆವು ಅನ್ನುವುದೂ ಸಿಗುತ್ತದೆ. ನಾನು ಶೀಟಿನ ಕಡೆ ವಾಲಲು ಮುಖ್ಯ ಕಾರಣ ಇದೇ. ಯಾವ ಟ್ರ್ಯಾಕರ್ ಆ್ಯಪೂ ಈ ಪ್ರಶ್ನೆಗೆ ಇಷ್ಟು ಸುಲಭವಾಗಿ ಉತ್ತರ ಕೊಡುವುದಿಲ್ಲ.

ಶೀಟನ್ನು ಹಂಚಿಕೊಳ್ಳಲೂ ಬರುತ್ತದೆ. ಪೆರ್ಲದಲ್ಲಿ ಅಮ್ಮ, ಶಾರ್ಜಾದಲ್ಲಿ ಮಗ, ಮಂಗಳೂರಿನಲ್ಲಿ ಸೊಸೆ ಇದ್ದರೂ ಒಂದೇ ಶೀಟಿನಲ್ಲಿ ಬರೆಯಬಹುದು. ಒಬ್ಬರಿಗೊಂದು ಟ್ಯಾಬ್ ಕೊಡಿ. ಅಮ್ಮನಿಗೆ ಟೈಪ್ ಮಾಡುವುದು ಕಷ್ಟವಾದರೆ ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಸಾಕು. ಆರು ತಿಂಗಳಿಗೊಮ್ಮೆ ಸಿಎಸ್‌ವಿ ಫೈಲಾಗಿ ಇಳಿಸಿ ಇನ್ನೊಂದು ಕಡೆ ಇಡಿ.

ಶೀಟಿನ ಒಂದೇ ಒಂದು ಕಷ್ಟ ಅಂದರೆ ಅದು ತಾನಾಗಿ ತುಂಬುವುದಿಲ್ಲ. ಕೂತು ಬರೆಯುವ ಅಭ್ಯಾಸ ಇಲ್ಲದವರಿಗೆ ಟ್ರಾಕ್ಟ್ ವಾಸಿ.

ಯಾರಿಗೆ ಯಾವುದು

ಬರೇ ಡೈಲಿ ಸೀರಿಯಲ್, ಅದೂ ಕೇಬಲ್ಲಿನಲ್ಲಿ ನೋಡುವವರಿಗೆ ಪುಸ್ತಕ. ಬರೇ ವೆಬ್ ಸರಣಿ ನೋಡುವ ಕಾಲೇಜಿನವರಿಗೆ ಟ್ರಾಕ್ಟ್, ಬರೆಯುವ ಆಸೆ ಇದ್ದರೆ ಸೀರಿಯಲೈಜ್ಡ್, ಕೊರಿಯನ್ ಜಾಸ್ತಿಯಾದರೆ ಮೈಡ್ರಾಮಾಲಿಸ್ಟ್. ಮೂರು ಭಾಷೆ, ನಾಲ್ಕು ಆ್ಯಪ್, ಒಂದು ಟಿವಿ ಇರುವ ನಮ್ಮಂಥ ಮನೆಗೆ ಶೀಟ್. ಟ್ರಾಕ್ಟಿನಲ್ಲಿ ಸೀಸನ್ ಸರಣಿಗಳನ್ನು ಟಿಕ್ ಮಾಡುತ್ತಾ, ಸೀಸನ್ ಮುಗಿದಾಗ ಒಂದು ಸಾಲನ್ನು ಶೀಟಿಗೆ ತರುವುದೂ ಚೆನ್ನಾಗಿ ನಡೆಯುತ್ತದೆ.

ಹಿಂದಿನ ವರ್ಷಗಳನ್ನು ತುಂಬುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಹಿರಿಯರ ಜೊತೆ ಕೂತು, ಸೀರಿಯಲ್ಲಿನ ವರ್ಷ ಕೇಳುವ ಬದಲು ಆಗ ಮನೆಯಲ್ಲಿ ಏನು ನಡೆದಿತ್ತು ಅಂತ ಕೇಳಿ. ತಂಗಿಯ ಮದುವೆಯ ಹೊತ್ತಿಗೆ ಯಾವ ಸೀರಿಯಲ್ ಬರುತ್ತಿತ್ತು, ಡಿಶ್ ಹಾಕಿಸಿದಾಗ ಮೊದಲು ನೋಡಿದ್ದು ಯಾವುದು ಅಂದರೆ ತಕ್ಷಣ ನೆನಪಾಗುತ್ತದೆ. ಚಾನೆಲ್ ಶುರುವಾದ ವರ್ಷಗಳೂ ಸಹಾಯಕ್ಕೆ ಬರುತ್ತವೆ: ಉದಯ 1994, ಈಟಿವಿ ಕನ್ನಡ 2000, ಜೀ ಕನ್ನಡ 2006. 1994ಕ್ಕಿಂತ ಹಿಂದಿನ ಕನ್ನಡ ಸೀರಿಯಲ್ಲಾದರೆ ದೂರದರ್ಶನದ್ದೇ ಇರಬೇಕು. ಅಂದಾಜಿನ ಸಾಲುಗಳಿಗೆ ಬೇರೆ ಬಣ್ಣ ಹಾಕಿ. ಹಿರಿಯರು ಹೇಳಿದ ಆ ಸಣ್ಣ ಸಣ್ಣ ವಿವರಗಳನ್ನು ಪಕ್ಕದ ಕಾಲಮಿನಲ್ಲಿ ಅವರ ಮಾತಿನಲ್ಲೇ ಬರೆದಿಡಿ.